ಪೆನ್, ಪಂಪ್, ಪ್ಯಾಂಕ್ರಿಯಾಸ್: ಮೂರನ್ನೂ ಬಳಸಿದವನ ಅನುಭವ

ಟೈಪ್ 1 ಶುಗರ್ ನನಗೆ 12ನೇ ವಯಸ್ಸಿಗೇ ಬಂತು. 20 ವರ್ಷ ಇನ್ಸುಲಿನ್ ಪೆನ್, 4 ವರ್ಷ ಪಂಪ್ (ಮೈಗೆ ಹಾಕಿಕೊಂಡ ನಳಿಕೆಯಿಂದ ಇನ್ಸುಲಿನ್ ಹರಿಸುವ ಪುಟ್ಟ ಯಂತ್ರ), ಈಗ 3 ವರ್ಷದಿಂದ ಯಾರೋ ಪುಣ್ಯಾತ್ಮರ ಪ್ಯಾಂಕ್ರಿಯಾಸ್ (ಇನ್ಸುಲಿನ್ ತಯಾರಿಸುವ ಅಂಗ) ಮತ್ತು ಕಿಡ್ನಿ. ಡೊಂಬಿವಲಿಯ ನಮ್ಮ ಕನ್ನಡದವರಲ್ಲಿ ಯಾರಿಗೆ ಶುಗರ್ ಬಂದರೂ "ನಾವೂ ಆಪರೇಷನ್ ಮಾಡಿಸಿಬಿಡೋಣ್ವಾ?" ಅಂತ ನನ್ನನ್ನೇ ಕೇಳುತ್ತಾರೆ.

ಪೆನ್ ಅಗ್ಗ, ಯಾವ ಮೆಡಿಕಲ್‌ನಲ್ಲೂ ಸಿಗುತ್ತದೆ. ದಿನಕ್ಕೆ ನಾಲ್ಕು ಚುಚ್ಚು ಅಭ್ಯಾಸವಾಗಿಬಿಡುತ್ತದೆ. ಕಷ್ಟ ಏನಂದರೆ, ಡೋಸ್ ಹಾಕಿಕೊಂಡು ಉಪ್ಪಿಟ್ಟು ಅರ್ಧ ಬಿಟ್ಟು ಫಾಸ್ಟ್ ಲೋಕಲ್ ಹಿಡಿಯಲು ಓಡಿದರೆ, ಕುರ್ಲಾ ಬರುವಷ್ಟರಲ್ಲಿ ಶುಗರ್ ಕುಸಿದು, ಪಕ್ಕದವರು ನನ್ನನ್ನು ಬೆಳಿಗ್ಗೆನೇ ಕುಡಿದವನು ಅಂದುಕೊಳ್ಳುತ್ತಿದ್ದರು.

ಪಂಪ್ ಬಂದ ಮೇಲೆ ಅದು ತುಂಬಾ ಕಡಿಮೆಯಾಯಿತು. ಮೂರು ದಿನಕ್ಕೊಮ್ಮೆ ನಳಿಕೆಯ ಸೆಟ್ ಬದಲಿಸಬೇಕು, ಅದರ ಖರ್ಚು ತಿಂಗಳು ತಿಂಗಳೂ ಜೇಬಿಂದಲೇ. ಮುಂಬೈ ಮಳೆಗಾಲದ ಬೆವರಿಗೆ ಪ್ಲಾಸ್ಟರ್ ಕಿತ್ತು ಬರುತ್ತದೆ. ಪಂಪ್‌ನಲ್ಲಿರೋದು ಬೇಗ ಮುಗಿಯುವ ಇನ್ಸುಲಿನ್ ಮಾತ್ರ, ಹಾಗಾಗಿ ನಳಿಕೆ ಮಡಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಕೀಟೋನ್, ಅಂದರೆ ಇನ್ಸುಲಿನ್ ಇಲ್ಲದಾಗ ರಕ್ತದಲ್ಲಿ ಸೇರಿಕೊಳ್ಳುವ ಅಪಾಯದ ಆಮ್ಲ.

ಆದರೆ ನನ್ನ ಕಿಡ್ನಿ ಅಷ್ಟರಲ್ಲೇ ಕೈಕೊಟ್ಟಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಿಡ್ನಿಗೆ ಹೇಗೂ ಹೊಟ್ಟೆ ಕೊಯ್ಯಬೇಕು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಹೇಗೂ ನುಂಗಬೇಕು, ಹಾಗಿದ್ದರೆ ಒಬ್ಬರೇ ದಾನಿಯಿಂದ ಎರಡನ್ನೂ ಹಾಕಿಸಿಕೊಳ್ಳೋಣ ಅಂತ ಡಾಕ್ಟರ್ ಹೇಳಿದರು. ಮೊದಲ ಕರೆ ಬಂದಾಗ ರಾತ್ರಿಯಿಡೀ ಉಪವಾಸ ಕೂತು ಬರಿಗೈಲಿ ವಾಪಸ್ ಬಂದೆ. ದಾನಿಯ ಪ್ಯಾಂಕ್ರಿಯಾಸ್‌ನಲ್ಲಿ ಕೊಬ್ಬು ಜಾಸ್ತಿ ಇತ್ತಂತೆ. ಎರಡನೇ ಸಲ ಆಯಿತು. ಹೊಸ ಪ್ಯಾಂಕ್ರಿಯಾಸ್ ಹೊಟ್ಟೆಯ ಬಲಗಡೆ ಕೆಳಗೆ, ಕಿಡ್ನಿ ಎಡಗಡೆ. ಹಳೆಯದನ್ನು ತೆಗೆಯುವುದಿಲ್ಲ, ಜೀರ್ಣರಸ ಕೊಡ್ತಾ ಅದರ ಪಾಡಿಗೆ ಅದು ಇರುತ್ತದೆ. ಮೊದಲ ವಾರ ಎಲ್ಲರಿಗೂ ಇದ್ದ ಹೆದರಿಕೆ ಒಂದೇ, ರಕ್ತನಾಳದಲ್ಲಿ ಹೆಪ್ಪು. ಹೆಪ್ಪುಗಟ್ಟಿದರೆ ಹೊಸ ಅಂಗ ಹೋದ ಹಾಗೇ. ನನಗೆ ಆಗಲಿಲ್ಲ. ಇನ್ಸುಲಿನ್ ಇಲ್ಲದೆ ಶುಗರ್ 108 ಅಂತ ನರ್ಸ್ ಹೇಳಿದಾಗ ಇನ್ನೊಮ್ಮೆ ನೋಡಿ ಅಂದೆ.

ಈಗ ಸೂಜಿ ಇಲ್ಲ, ಗಡಿಯಾರ ಇದೆ. ಬೆಳಿಗ್ಗೆ 8, ರಾತ್ರಿ 8ಕ್ಕೆ ಟ್ಯಾಕ್ರೋಲಿಮಸ್, ಅದೇ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ. ಕೈ ಸ್ವಲ್ಪ ನಡುಗುತ್ತದೆ. ಗಣಪತಿಗೆ ಮೋದಕ ತಿನ್ನಬಹುದು, ಪಾನಿಪುರಿ ಬಂದ್. ಚಕ್ಕೋತ ಹಣ್ಣೂ ಬೇಡ, ರಕ್ತದಲ್ಲಿ ಆ ಮಾತ್ರೆಯ ಮಟ್ಟ ಏರಿಸುತ್ತದೆ. ವಿಚಿತ್ರ ಏನಂದರೆ, ಅದೇ ಮಾತ್ರೆ ಕೆಲವರಿಗೆ ಶುಗರ್ ಕೂಡ ತರಿಸುತ್ತದೆ!

ನನ್ನ ಮಟ್ಟಿಗೆ ಮೂರರಲ್ಲಿ ಆಪರೇಷನ್ನೇ ಮೇಲು, ಆದರೆ ಕಿಡ್ನಿ ಹೋಗಿದ್ದರಿಂದ ಮಾತ್ರ. 1966ರಲ್ಲಿ ಮಿನ್ನೆಸೋಟದಲ್ಲಿ ಮೊದಲ ಸಲ ಮಾಡಿದಾಗಿನ ಸ್ಥಿತಿಗೂ ಈಗಿನದಕ್ಕೂ ಹೋಲಿಕೆಯೇ ಇಲ್ಲ. ಕಿಡ್ನಿ ಜೊತೆ ಹಾಕಿದ ಪ್ಯಾಂಕ್ರಿಯಾಸ್ ಒಳ್ಳೆಯ ಕೇಂದ್ರಗಳಲ್ಲಿ ವರ್ಷದ ನಂತರವೂ ಸುಮಾರು 10ರಲ್ಲಿ 9 ಜನರಿಗೆ ಕೆಲಸ ಮಾಡ್ತಾ ಇರುತ್ತದೆ. ಪ್ಯಾಂಕ್ರಿಯಾಸ್ ಒಂದನ್ನೇ ಹಾಕಿದರೆ ಅಷ್ಟು ಬಾಳಿಕೆ ಇಲ್ಲ. ಅಮೆರಿಕದಲ್ಲೂ 2004ರ ನಂತರ ಈ ಆಪರೇಷನ್‌ಗಳು ವರ್ಷಗಟ್ಟಲೆ ಇಳಿದವು, ಪಂಪ್ ಮತ್ತು ಶುಗರ್ ಅಳೆಯುವ ಸೆನ್ಸರ್ ಸುಧಾರಿಸಿದ್ದೂ ಅದಕ್ಕೆ ಒಂದು ಕಾರಣ.

ಮೊನ್ನೆ ಕೇಳಿದ ಹುಡುಗನ ಕ್ರಿಯಾಟಿನಿನ್ 0.9, ಅಂದರೆ ರಕ್ತ ಪರೀಕ್ಷೆ ಪ್ರಕಾರ ಕಿಡ್ನಿ ಚೆನ್ನಾಗೇ ಇದೆ. ನಿನಗ್ಯಾಕಪ್ಪಾ ಇದೆಲ್ಲ, ಪಂಪ್ ತಗೋ, ಮಳೆಗಾಲಕ್ಕೆ ಪ್ಲಾಸ್ಟರ್ ಜಾಸ್ತಿ ಇಟ್ಕೋ ಅಂದೆ.