ಆನ್‌ಲೈನ್ ಡಯಟ್ ಗುರುಗಳ ಪೇಯ್ಡ್ ಪ್ಲಾನ್: ಬಯಲುಸೀಮೆಯಲ್ಲಿ ಬಳಸಿ ನೋಡಿದ ಮೇಲಿನ ವಿಮರ್ಶೆ

ಐದಕ್ಕೆ ಎರಡು ಸ್ಟಾರ್. ದಿನಾ ತಿಂದದ್ದನ್ನು ಬರೆದಿಡುವ ಅಭ್ಯಾಸ ಹತ್ತಿಸುತ್ತಾರಲ್ಲ, ಆ ಎರಡೂ ಅದಕ್ಕೆ. ಚಾರ್ಟಿಗೆ ಏನೂ ಇಲ್ಲ.

ಇದು ಒಂದು ಕಂಪನಿಯ ವಿಮರ್ಶೆಯಲ್ಲ, ಒಂದು ಮಾದರಿಯ ಸೇವೆಯದ್ದು. ಮೊದಲು ವಿಡಿಯೊ, ಆಮೇಲೆ ಭಾನುವಾರದ ವೆಬಿನಾರ್, ಅದರ ಕೊನೆಗೆ ‘ಇವತ್ತು ರಾತ್ರಿ 12ರವರೆಗೆ ಮಾತ್ರ’ ಎಂಬ 3 ತಿಂಗಳ ಪ್ಯಾಕೇಜ್, ವಾಟ್ಸಾಪ್ ಗ್ರೂಪ್, ಒಬ್ಬ ‘ಕೋಚ್’, ಎರಡನೇ ತಿಂಗಳಿಂದ ಪೌಡರ್. ಗುರು ಬೇರೆ ಬೇರೆ, ದಾರಿ ಒಂದೇ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರು ದುಡ್ಡು ಕಟ್ಟುವ ಮೊದಲು ಏನೇನು ನೋಡಬೇಕು ಅನ್ನುವುದಷ್ಟೇ ಇಲ್ಲಿದೆ.

ಮೊದಲು ಫಾರಂ. ಗುರುವನ್ನು ಅಳೆಯಲು ಅವರ ವಿಡಿಯೊಗಿಂತ ಇದೇ ಒಳ್ಳೆಯ ಸಾಧನ. ಎತ್ತರ, ತೂಕ, ‘ಎಷ್ಟು ಕೆಜಿ ಇಳಿಸಬೇಕು’, ವೆಜ್ಜೋ ನಾನ್‌ವೆಜ್ಜೋ ಎಂದು ನಾಲ್ಕು ಪ್ರಶ್ನೆ ಕೇಳಿ ಹತ್ತು ನಿಮಿಷಕ್ಕೆ ಪಿಡಿಎಫ್ ಕಳಿಸಿದರೆ ಅದು ನಿಮಗಾಗಿ ಬರೆದದ್ದಲ್ಲ. ಕೇಳಬೇಕಾದದ್ದು ಬೇರೆಯೇ ಇದೆ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ? ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಎಷ್ಟು? ಥೈರಾಯ್ಡ್, ಪಿತ್ತಕೋಶದ ಕಲ್ಲು, ಬಸಿರು, ಎದೆಹಾಲು? ಮನೆಯಲ್ಲಿ ಅಡುಗೆ ಮಾಡುವವರು ಯಾರು? ಬೆಳಿಗ್ಗೆ ಏಳುವುದು ಎಷ್ಟು ಗಂಟೆಗೆ? ಈ ಕೊನೆಯದನ್ನು ಬಹುತೇಕ ಯಾರೂ ಕೇಳುವುದಿಲ್ಲ. ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಮಾತ್ರ ಊಟ ಎಂಬ ಚಾರ್ಟನ್ನು, ಬೆಳಗಿನ ಜಾವ ಮೂರಕ್ಕೆದ್ದು ಹೂವು ತುಂಬಿಕೊಂಡು ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ಹೋಗುವವರಿಗೂ, ಶಿಡ್ಲಘಟ್ಟದಲ್ಲಿ ರೇಷ್ಮೆ ಹುಳುವಿಗೆ ರಾತ್ರಿ ಸೊಪ್ಪು ಹಾಕುವವರಿಗೂ ಹಾಗೇ ಕಳಿಸುತ್ತಾರೆ. ಒಂಬತ್ತು ಗಂಟೆ ಬರಿ ಹೊಟ್ಟೆಯಲ್ಲಿ ದುಡಿದವರು 12ಕ್ಕೆ ಎರಡು ಪಾಲು ತಿನ್ನದೆ ಬಿಡುತ್ತಾರೆಯೇ? ತೂಕ ನಿಲ್ಲುತ್ತದೆ, ತಪ್ಪು ಅವರ ತಲೆಗೇ ಬರುತ್ತದೆ.

ನೀರಿನ ಮಾತು ಈ ಮೂರು ಜಿಲ್ಲೆಗಳಿಗೆ ಎಲ್ಲಕ್ಕಿಂತ ಮುಖ್ಯ. ಹೆಚ್ಚುಕಮ್ಮಿ ಎಲ್ಲ ಪ್ಲಾನ್‌ಗಳಲ್ಲೂ ‘ದಿನಕ್ಕೆ 4 ಲೀಟರ್ ನೀರು’ ಇರುತ್ತದೆ. ಯಾವ ನೀರು ಎಂದು ಕೇಳುವುದಿಲ್ಲ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನ ಐಎಸ್ 10500 ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ; ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. 1.5 ಇರುವ ನೀರನ್ನು 2 ಲೀಟರ್ ಕುಡಿದರೆ ಮೈಗೆ ಸೇರುವುದು 3 ಮಿಲಿಗ್ರಾಂ, ಗುರುವಿನ ಮಾತು ಕೇಳಿ 4 ಲೀಟರ್ ಕುಡಿದರೆ 6. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್ ಇದಕ್ಕೆ ಕೆಲಸಕ್ಕೆ ಬಾರವು. ಬಹುಪಾಲು ತೆಗೆಯುವುದು ಆರ್‌ಒ, ಅದೂ ಮೆಂಬ್ರೇನ್ ಹೊತ್ತಿಗೆ ಸರಿಯಾಗಿ ಬದಲಿಸಿದ್ದರೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದರೂ ಮುದ್ದೆಗೆ, ಸಾರಿಗೆ ನಲ್ಲಿ ನೀರೇ ಹಾಕುವ ಮನೆಗಳುಂಟು. ಅದೂ ಲೆಕ್ಕಕ್ಕೆ ಸೇರಬೇಕು.

ಇದರ ಜೊತೆಗೆ ಬೆಳಗಿನ ‘ಡಿಟಾಕ್ಸ್ ನೀರು’: ನಿಂಬೆ, ಜೀರಿಗೆ, ಚಿಟಿಕೆ ಕಪ್ಪು ಉಪ್ಪು. ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಮೂಳೆ, ಕೀಲು, ಹಲ್ಲು ಕೆಡುವ ಕಾಯಿಲೆ) ಇರುವವರಿಗೆ ಕಪ್ಪು ಉಪ್ಪು, ಹಾಲಿಲ್ಲದ ಕಡು ಟೀ ಬೇಡ, ಸುಣ್ಣದಂಶ ಇರುವ ಹಾಲು ಮೊಸರು ರಾಗಿ ಬೇಕು ಅನ್ನುವುದೇ ಸಾಮಾನ್ಯ ಸಲಹೆ. ಕೆಲವು ಗುರುಗಳು ಇದನ್ನು ತಲೆಕೆಳಗು ಮಾಡಿ ಹಾಲು ಬಿಡಿಸಿ ಕಪ್ಪು ಉಪ್ಪು ಹಾಕಿಸುತ್ತಾರೆ. ಬೆನ್ನು ಸೆಟೆದುಕೊಂಡಿದೆ, ಮಂಡಿ ಬಗ್ಗುತ್ತಿಲ್ಲ ಎಂದು ಗ್ರೂಪಿನಲ್ಲಿ ಬರೆದರೆ ಬರುವ ಉತ್ತರ ‘ಯೂರಿಕ್ ಆಸಿಡ್, ನಮ್ಮ ಜಾಯಿಂಟ್ ಪೌಡರ್ ತಗೊಳ್ಳಿ’. ಪಾವಗಡದವರ ಮಂಡಿನೋವಿಗೆ ನೀರಿನ ರಿಪೋರ್ಟ್ ಕೇಳದವರು ಈ ಸೀಮೆಗೆ ಸಲಹೆ ಕೊಡಲು ಲಾಯಕ್ಕಿಲ್ಲ. ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಫೀಲ್ಡ್ ಕಿಟ್ ಕೊಟ್ಟಿದ್ದಾರೆ, ಗ್ರಾಮೀಣ ಕುಡಿಯುವ ನೀರು ಇಲಾಖೆಗೆ ಪ್ರಯೋಗಾಲಯಗಳೂ ಇವೆ. ಪ್ಲಾನ್ ಕೊಳ್ಳುವ ಮೊದಲು ಅಲ್ಲಿಗೊಂದು ಬಾಟಲಿ ನೀರು ಕೊಡುವುದು ಮೇಲು.

ರಾಗಿ, ಸಿರಿಧಾನ್ಯದ ವಿಚಾರದಲ್ಲಿ ಎರಡು ಬಗೆಯ ಗುರುಗಳಿದ್ದಾರೆ. ‘ಎಷ್ಟು ಬೇಕಾದರೂ ತಿನ್ನಿ, ಶುಗರ್ ಏರಲ್ಲ’ ಅನ್ನುವವರು ಒಂದು ಕಡೆ, ‘ಮುದ್ದೆ ಎಂದರೆ ಬರೀ ಕಾರ್ಬ್, ಬಿಟ್ಟುಬಿಡಿ’ ಅನ್ನುವವರು ಇನ್ನೊಂದು ಕಡೆ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2017ರ ಆಹಾರ ಕೋಷ್ಟಕ ನೋಡಿ: 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, 67 ಗ್ರಾಂ ಕಾರ್ಬೋಹೈಡ್ರೇಟ್, 7 ಗ್ರಾಂ ಪ್ರೋಟೀನ್, 11 ಗ್ರಾಂ ನಾರು, 364 ಮಿಲಿಗ್ರಾಂ ಕ್ಯಾಲ್ಸಿಯಂ. ಪಾಲಿಶ್ ಅಕ್ಕಿಯಲ್ಲಿ 356 ಕ್ಯಾಲೊರಿ, ನಾರು 3 ಗ್ರಾಂಗೂ ಕಡಿಮೆ. ಸಾಮೆಯಲ್ಲಿ 346 ಕ್ಯಾಲೊರಿ, ನಾರು 8ರ ಹತ್ತಿರ. ಅನ್ನ ಬಿಟ್ಟು ಅಷ್ಟೇ ಸಾಮೆ ಉಂಡರೆ ನಾರು ಹೆಚ್ಚುತ್ತದೆ, ಕ್ಯಾಲೊರಿ ಅಲ್ಲೇ ಇರುತ್ತದೆ. ನುಣ್ಣಗೆ ಬೀಸಿ ಬೇಯಿಸಿದ ರಾಗಿಹಿಟ್ಟು ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಎಷ್ಟು ಅನ್ನುವುದು ಮುದ್ದೆಯ ಗಾತ್ರ ಮತ್ತು ಜೊತೆಗಿರುವ ಸಾರಿನ ಮೇಲೆ. ಬರೀ ತಿಳಿಸಾರು ಬೇರೆ, ಬಟ್ಟಲು ತುಂಬ ಹುರುಳಿಕಾಳಿನ ಬಸ್ಸಾರು ಬೇರೆ.

ಆ್ಯಪ್‌ಗಳು ಇಲ್ಲಿ ಎಡವುತ್ತವೆ. ‘ರಾಗಿ ಮುದ್ದೆ, 1’ ಎಂದು ಒತ್ತಿದರೆ ಒಂದೇ ಅಂಕಿ ತೋರಿಸುತ್ತವೆ. ಮನೆಯ ಮುದ್ದೆಗೂ ಹೆದ್ದಾರಿ ಪಕ್ಕದ ಹೋಟೆಲ್ ಮುದ್ದೆಗೂ ಗಾತ್ರದಲ್ಲಿ ದುಪ್ಪಟ್ಟು ವ್ಯತ್ಯಾಸ ಇರಬಹುದು. ಬೆಂದ ಮುದ್ದೆಯನ್ನು ತೂಗಿಯೂ ಪ್ರಯೋಜನವಿಲ್ಲ, ನೀರಿನ ಪ್ರಮಾಣ ದಿನಾ ಬದಲಾಗುತ್ತದೆ. ಮನೆಮಂದಿಗೆಲ್ಲ ಹಾಕುವ ಒಣಹಿಟ್ಟನ್ನು ಎಸರಿಗೆ ಸುರಿಯುವ ಮೊದಲೇ ತೂಗಿ, ಎಷ್ಟು ಮುದ್ದೆ ಕಟ್ಟಿದಿರೋ ಅಷ್ಟರಿಂದ ಭಾಗಿಸಿ. ಅಡುಗೆಮನೆಯ ಒಂದು ಡಿಜಿಟಲ್ ತಕ್ಕಡಿ ಸಾಕು.

ಮೊದಲ ವಾರ ಎರಡು ಕೆಜಿ ಇಳಿಯುತ್ತದೆ, ಗ್ರೂಪಿನಲ್ಲಿ ಚಪ್ಪಾಳೆ. ಅದರಲ್ಲಿ ಬಹುಪಾಲು ಕೊಬ್ಬಲ್ಲ. ಲಿವರ್ ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕೆಜಿಯಷ್ಟು ಗ್ಲೈಕೋಜನ್ (ಮೈ ಕೂಡಿಟ್ಟುಕೊಂಡ ಸಕ್ಕರೆ) ಇರುತ್ತದೆ, ಪ್ರತಿ ಗ್ರಾಂ ಜೊತೆಗೆ ಮೂರು ಗ್ರಾಂನಷ್ಟು ನೀರು. ಕಾರ್ಬ್ ಕಡಿತವಾದ ಕೂಡಲೇ ಎರಡೂ ಬಹುಮಟ್ಟಿಗೆ ಖಾಲಿಯಾಗುತ್ತವೆ. ಹಬ್ಬದ ಒಂದು ಹೋಳಿಗೆ ಊಟಕ್ಕೆ ಅರ್ಧ ಪಾಲು ವಾಪಸ್ ಬಂದರೆ ಗಾಬರಿಯಾಗಬೇಕಿಲ್ಲ. ಇದನ್ನು ಮೊದಲ ದಿನವೇ ಹೇಳುವ ಗುರು ಪ್ರಾಮಾಣಿಕ. ಹೇಳದವರು ಆ ಸ್ಕ್ರೀನ್‌ಶಾಟನ್ನೇ ಮುಂದಿನ ಬ್ಯಾಚಿನ ಜಾಹೀರಾತಿಗೆ ಬಳಸುತ್ತಾರೆ. ವಾರಕ್ಕೆ ಒಂದೂವರೆ ಕೆಜಿಗಿಂತ ವೇಗವಾಗಿ ಇಳಿಯುತ್ತಲೇ ಹೋದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಹೆಚ್ಚು.

ಈಗ ‘ಶುಗರ್ ರಿವರ್ಸ್’. ದುಡ್ಡು ಇರುವುದೂ ಅಪಾಯ ಇರುವುದೂ ಇಲ್ಲೇ. ಮೊದಲೇ ಹೇಳಿಬಿಡಬೇಕು: ತೂಕ ಇಳಿಸಿ ಟೈಪ್ 2 ಮಧುಮೇಹವನ್ನು ಹತೋಟಿಗೆ ತಂದು ಮಾತ್ರೆ ಬಿಡುವುದು ಸುಳ್ಳಲ್ಲ. ಮಾತ್ರೆ ನಿಲ್ಲಿಸಿ ಕನಿಷ್ಠ 3 ತಿಂಗಳ ನಂತರವೂ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 6.5ಕ್ಕಿಂತ ಕಡಿಮೆ ಇದ್ದರೆ ಅದನ್ನು ಉಪಶಮನ ಅನ್ನುತ್ತಾರೆ. ಗುರುಗಳೆಲ್ಲ ಉದಾಹರಿಸುವ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ನೂರಕ್ಕೆ 46 ಜನ ಉಪಶಮನದಲ್ಲಿದ್ದರು, ಎರಡು ವರ್ಷಕ್ಕೆ 36. ವಿಡಿಯೊದಲ್ಲಿ ಬಿಟ್ಟುಬಿಡುವುದು ಷರತ್ತುಗಳನ್ನು. ಅವರೆಲ್ಲ ಕಾಯಿಲೆ ಗೊತ್ತಾಗಿ 6 ವರ್ಷದೊಳಗಿನವರು, ಇನ್ಸುಲಿನ್ ತೆಗೆದುಕೊಳ್ಳದವರು. ದಿನಕ್ಕೆ 825ರಿಂದ 853 ಕ್ಯಾಲೊರಿಯ ದ್ರವಾಹಾರ ತಿಂಗಳುಗಟ್ಟಲೆ ನಡೆಯಿತು. ಮಾತ್ರೆ ನಿಲ್ಲಿಸಿದ್ದು ವೈದ್ಯರ ನಿಗಾದಲ್ಲಿ. ಹದಿನೈದು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವ ಅಜ್ಜಿಗೆ ಆ 46 ಅನ್ವಯಿಸುವುದಿಲ್ಲ.

ವಾಟ್ಸಾಪ್ ಕೋಚ್ ಮಾತ್ರೆಯ ಹೆಸರನ್ನೂ ನೋಡದೆ ಕಾರ್ಬ್ ಕಡಿದರೆ ಆಗುವುದು ಇದು. ಗ್ಲಿಮಿಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಮೇಲಿರುವವರಿಗೆ ಸಕ್ಕರೆ ಕುಸಿಯುತ್ತದೆ: ಬೆವರು, ನಡುಕ, ತೊದಲು. ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ನುಂಗುವವರು ಕೀಟೋ (ಕಾರ್ಬ್ ಬಹುತೇಕ ಬಿಡುವ ಡಯಟ್) ಮಾಡಿದರೆ ಇನ್ನೂ ಮೋಸ. ಗ್ಲುಕೋಮೀಟರ್ ಅಷ್ಟೇನೂ ಹೆಚ್ಚು ತೋರಿಸದಿದ್ದರೂ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ವಾಂತಿ, ಹೊಟ್ಟೆನೋವು, ಏದುಸಿರು ಬರಬಹುದು. ಗ್ರೂಪಿನಲ್ಲಿ ಇದಕ್ಕೆ ಇಟ್ಟ ಹೆಸರು ‘ಬಾಡಿ ಡಿಟಾಕ್ಸ್ ಆಗ್ತಿದೆ’. ಆ ಮಾತು ಕೇಳಿದ ಕ್ಷಣ ಗ್ರೂಪ್ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಫಲಿತಾಂಶ ತೋರಿಸುವ ಬಗೆಯಲ್ಲೂ ಒಂದು ಸೂಕ್ಷ್ಮವಿದೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ಬರಬಹುದು. ಕಬ್ಬಿಣದ ಮಾತ್ರೆ ಶುರುವಾದರೆ ಸಕ್ಕರೆ ಬದಲಾಗದಿದ್ದರೂ ಆ ಅಂಕಿ ಇಳಿಯುತ್ತದೆ. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಹಿಮೋಗ್ಲೋಬಿನ್, ಬರಿ ಹೊಟ್ಟೆಯ ಮತ್ತು ಊಟದ ನಂತರದ ರೀಡಿಂಗ್ ಮೂರೂ ಇಲ್ಲದ ‘8.2ರಿಂದ 6.9’ ಪೋಸ್ಟರನ್ನು ನಂಬಬೇಡಿ. ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್ಕಿನಲ್ಲಿ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ, ಆ ಚೀಟಿ ಜೋಪಾನವಾಗಿಟ್ಟುಕೊಳ್ಳಿ. ‘ಫುಡ್ ಇನ್‌ಟಾಲರೆನ್ಸ್’ ಎಂದು ಮಾರುವ ಐಜಿಜಿ ರಕ್ತಪರೀಕ್ಷೆ ದಂಡ. ಅದು ನೀವು ಏನು ತಿಂದಿದ್ದೀರಿ ಎಂದು ಹೇಳುತ್ತದೆಯೇ ಹೊರತು ಏನು ಒಗ್ಗುವುದಿಲ್ಲ ಎಂದಲ್ಲ.

ಸೋರೆಕಾಯಿ ಜ್ಯೂಸ್ ಕುಡಿಸುವ ಗುರುಗಳು ಇನ್ನೂ ಇದ್ದಾರೆ. ಒಂದು ಹನಿ ನಾಲಿಗೆಗೆ ಹಚ್ಚಿ, ಕಹಿಯಿದ್ದರೆ ಚೆಲ್ಲಿಬಿಡಿ. ಕಹಿ ಸೋರೆಯ ಕುಕುರ್ಬಿಟಸಿನ್ ಎಂಬ ವಿಷ ರಕ್ತವಾಂತಿ ಮಾಡಿಸಿ ಬಿಪಿ ಕುಸಿಯುವಂತೆ ಮಾಡುತ್ತದೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೇ ಈ ಎಚ್ಚರಿಕೆ ಕೊಟ್ಟಿದೆ. 60,000 ಯೂನಿಟ್ಟಿನ ವಿಟಮಿನ್ ಡಿ3 ಸ್ಯಾಶೆಯೂ ಹಾಗೇ. ಅದು ವಾರಕ್ಕೊಂದು ತೆಗೆದುಕೊಳ್ಳುವಂಥದ್ದು, ಅದೂ ಡಾಕ್ಟರು ಹೇಳಿದಷ್ಟೇ ವಾರ. ದಿನಕ್ಕೊಂದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು.

ಪೌಡರ್. 60 ಕೆಜಿ ತೂಕದವರಿಗೆ ಕೆಜಿಗೆ 0.83 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 50 ಗ್ರಾಂ ಪ್ರೋಟೀನ್ ಸಾಕು. 200 ಗ್ರಾಂ ರಾಗಿಹಿಟ್ಟಿಂದ 14, 75 ಗ್ರಾಂ ಅಕ್ಕಿಯಿಂದ 6, 40 ಗ್ರಾಂ ಹುರುಳಿಯಿಂದ 8ಕ್ಕೂ ಮೇಲೆ, ಕಾಲು ಲೀಟರ್ ಹಾಲಿನಿಂದ 8, ಒಂದು ಮೊಟ್ಟೆಯಿಂದ 6, ಹಿಡಿ ಕಡ್ಲೆಕಾಯಿ ಬೀಜದಿಂದ 7. ಇಲ್ಲಿಗೇ 50 ಆಯಿತು. ಅವರೆಕಾಯಿ ಕಾಲದಲ್ಲಂತೂ ಕೇಳುವುದೇ ಬೇಡ. ಸ್ನಾಯು ಬೆಳೆಸಲೆಂದು ಪ್ರೋಟೀನ್ ಪೌಡರ್ ಬೇಡ ಎಂದು 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿಯೇ ಹೇಳಿದೆ. ಕೊಂಡೇ ತೀರುತ್ತೇನೆ ಅನ್ನುವವರು ಡಬ್ಬಿಯ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆಯನ್ನು ಅದರ ಫಾಸ್ಕಾಸ್ ಪೋರ್ಟಲ್‌ನಲ್ಲಿ ಹಾಕಿ ಲೈಸೆನ್ಸ್ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ನೋಡಿ. ಆ ಸಂಖ್ಯೆ ಇದೆ ಎಂದ ಮಾತ್ರಕ್ಕೆ ಶುಗರ್ ಇಳಿಯುತ್ತದೆ ಎಂದು ಸರ್ಕಾರ ಒಪ್ಪಿದೆ ಎಂದರ್ಥವಲ್ಲ.

ಅರ್ಹತೆ ಕೇಳಲು ನಾಚಿಕೆ ಬೇಡ. ‘ನ್ಯೂಟ್ರಿಷನ್ ಕೋಚ್’ ಎಂದು ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ. ಆಹಾರ ವಿಜ್ಞಾನದ ಎಂಎಸ್ಸಿ, ಭಾರತೀಯ ಡಯಟೆಟಿಕ್ ಸಂಘದ ಪರೀಕ್ಷೆ ಪಾಸಾದ ‘ಆರ್‌ಡಿ’ (ನೋಂದಾಯಿತ ಡಯಟೀಷಿಯನ್), ಇಲ್ಲವೇ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ: ಇವನ್ನು ಪರಿಶೀಲಿಸಬಹುದು. ಹೆಸರಿನ ಹಿಂದೆ ‘ಡಾ.’ ಇದ್ದರೆ ಯಾವ ವಿಷಯದಲ್ಲಿ ಎಂದು ಕೇಳಿ. ಆರೋಗ್ಯದ ಬಗ್ಗೆ ಹೇಳಿಕೆ ಕೊಡುವ ಇನ್‌ಫ್ಲುಯೆನ್ಸರ್‌ಗಳು ತಮ್ಮ ಅರ್ಹತೆ ತಿಳಿಸಬೇಕೆಂದು ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್‌ನಲ್ಲೇ ಸೂಚಿಸಿದೆ. ಡಿಗ್ರಿ ಇದ್ದೂ ಪೌಡರ್ ಮಾರುವವರಿದ್ದಾರೆ, ಅದು ಬೇರೆ ಮಾತು. ಹಾಗಾಗಿ ನಡತೆಯನ್ನೂ ನೋಡಬೇಕು. ಮೂರು ವರ್ಷದ ಹಿಂದಿನ ವಿಡಿಯೊ ತೆಗೆದು ಮೊಟ್ಟೆ, ಹಾಲು, ಕೊಬ್ಬರಿ ಎಣ್ಣೆ ಬಗ್ಗೆ ಆಗ ಏನು ಹೇಳಿದ್ದರು ನೋಡಿ. ಅಭಿಪ್ರಾಯ ಬದಲಾಗಿದ್ದರೆ ತಪ್ಪಿಲ್ಲ, ಯಾಕೆ ಬದಲಾಯಿತೆಂದು ಹೇಳಿದ್ದಾರೆಯೇ ಅಥವಾ ಹಳೆಯದನ್ನು ಸದ್ದಿಲ್ಲದೆ ಅಳಿಸಿದ್ದಾರೆಯೇ ಅನ್ನುವುದು ಮುಖ್ಯ. ಗ್ರೂಪಿನಲ್ಲಿ ‘ಆರನೇ ವಾರದಿಂದ ತೂಕ ನಿಂತಿದೆ’ ಎಂದು ಬರೆದವರಿಗೆ ಸಿಗುವ ಉತ್ತರ ಗಮನಿಸಿ. ಆಹಾರದ ಡೈರಿ ತರಿಸಿ ಅಳತೆ ನೋಡುತ್ತಾರೋ, ‘ನಿಮಗೆ ಡೆಡಿಕೇಶನ್ ಇಲ್ಲ’ ಅನ್ನುತ್ತಾರೋ, ಮೆಸೇಜ್ ಡಿಲೀಟ್ ಮಾಡುತ್ತಾರೋ? ಹಳೆಯ ಗಿರಾಕಿಯೇ ಹೊಸ ‘ಕೋಚ್’ ಆಗಿ ಕಮಿಷನ್ ಪಡೆಯುವ ಕಡೆ ಈ ಮೂರನೆಯದೇ ಹೆಚ್ಚು.

ಮೋಸ ಹೋದರೆ 1915 ಗ್ರಾಹಕ ಸಹಾಯವಾಣಿ. ಮಧುಮೇಹ ಗುಣಪಡಿಸುತ್ತದೆ ಎಂದು ಔಷಧಿ ಜಾಹೀರಾತು ಮಾಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ನಿಷಿದ್ಧ. ಗುರು ಮುಂಬೈಯಲ್ಲಿದ್ದರೂ ದೂರನ್ನು ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ವೆಬಿನಾರ್‌ನಲ್ಲಿ ಕೊಟ್ಟ ಭರವಸೆಯ ಸ್ಕ್ರೀನ್ ರೆಕಾರ್ಡಿಂಗ್, ಪಾವತಿ ರಸೀದಿ, ಚಾರ್ಟ್ ಪಿಡಿಎಫ್, ಕೋಚ್ ಜೊತೆಗಿನ ಚಾಟ್ ಎಕ್ಸ್‌ಪೋರ್ಟ್ ನಾಲ್ಕನ್ನೂ ಗ್ರೂಪಿನಿಂದ ಹೊರಬೀಳುವ ಮೊದಲೇ ಉಳಿಸಿಕೊಳ್ಳಿ. ತಿಂಗಳ ಚಂದಾ ಆದರೆ ಆ್ಯಪ್ ಅಳಿಸಿದ ಮಾತ್ರಕ್ಕೆ ಹಣ ಕಡಿತ ನಿಲ್ಲುವುದಿಲ್ಲ. ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಪಟ್ಟಿ ತೆರೆದು ಆ ಮ್ಯಾಂಡೇಟ್ (ತಾನಾಗಿ ಹಣ ಕಡಿಯಲು ಕೊಟ್ಟ ಒಪ್ಪಿಗೆ) ರದ್ದು ಮಾಡಿ. ಹಣ ಕಡಿತಕ್ಕೆ 24 ಗಂಟೆ ಮೊದಲು ಮೆಸೇಜ್ ಬರಬೇಕೆಂಬ ನಿಯಮವಿದೆ, 15,000 ರೂಪಾಯಿವರೆಗೆ ಪ್ರತಿ ಸಲ ಪಿನ್ ಕೇಳುವುದಿಲ್ಲ, ಅದರಿಂದ ಆ ಮೆಸೇಜ್ ಬಂದ ದಿನವೇ ರದ್ದು ಮಾಡಬೇಕು.