ಇನ್ಫಿನಿಟಿ ಕೂರಿಸಿದ್ದು: ಸ್ಕೇಲು, ಗುಡ್ಡ, ಮೇಜು

ಹಳೆಯ ಕ್ಯಾಮೆರಾದಲ್ಲಿ ಲೆನ್ಸ್ ಎಲ್ಲಿ ನಿಂತರೆ ಬಹಳ ದೂರದ್ದು ಸ್ಪಷ್ಟವಾಗಿ ಬರುತ್ತದೋ ಆ ಜಾಗಕ್ಕೆ ಇನ್ಫಿನಿಟಿ ಅನ್ನುತ್ತಾರೆ. ಅದನ್ನು ಗುರುತಿಸಲು ಮೂರು ದಾರಿ. ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಮೇಜಿನ ಮೇಲಿನ ಪದ್ಧತಿ. ಮೂರನ್ನೂ ಮಾಡಿ ನೋಡಿದ್ದೇನೆ. ಅಷ್ಟರಲ್ಲಿ ಹದಿನಾಲ್ಕು ಹಾಳೆ ಫಿಲ್ಮ್ ಹಾಳಾಯಿತು.

ಕಳೆದ ವರ್ಷ ಸೆಕೆಂಡ್ ಹ್ಯಾಂಡಿನಲ್ಲಿ ಪೇಸ್‌ಮೇಕರ್ ಸ್ಪೀಡ್ ಗ್ರಾಫಿಕ್ ಎಂಬ ಹಳೆಯ ದೊಡ್ಡ ಕ್ಯಾಮೆರಾ ಕೊಂಡೆ. 4x5 ಇಂಚಿನ ಫಿಲ್ಮ್, 135 ಮಿ.ಮೀ. ಆಪ್ಟಾರ್ ಲೆನ್ಸ್. ಆನೆಗೊಂದಿ ಕಡೆಯ ಬಂಡೆಗುಡ್ಡಗಳನ್ನು ಅದರಲ್ಲಿ ತೆಗೆಯಬೇಕು ಅನ್ನೋದು ಬಹಳ ದಿನದ ಆಸೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯನ್ನು ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದಿದ್ದಾನಲ್ಲ, ಆ ಚಿತ್ರಗಳನ್ನು ನೋಡಿದಾಗಿನಿಂದ ಹತ್ತಿದ ಹುಚ್ಚು ಇದು.

ಕ್ಯಾಮೆರಾ ಬಂದಾಗ ಬೆಡ್ಡಿನ (ಮುಂದಕ್ಕೆ ತೆರೆದುಕೊಳ್ಳುವ ಹಲಗೆಯ) ಹಳಿ ಮೇಲಿನ ಎರಡೂ ಇನ್ಫಿನಿಟಿ ಸ್ಟಾಪ್ ಸಡಿಲವಾಗಿದ್ದವು. ಲೆನ್ಸನ್ನು ಮುಂದಕ್ಕೆ ಎಳೆದಾಗ ಅದು ಎಲ್ಲಿ ನಿಂತರೆ ದೂರದ್ದು ಸ್ಪಷ್ಟವಾಗಿ ಬರುತ್ತದೋ, ಅಲ್ಲಿ ತಡೆದು ನಿಲ್ಲಿಸುವ ಪುಟ್ಟ ಲೋಹದ ತುಂಡುಗಳು ಅವು. ಅವನ್ನು ಎಲ್ಲಿ ಕೂರಿಸಬೇಕು ಅನ್ನೋದೇ ಪ್ರಶ್ನೆ.

ಸ್ಕೇಲಿನಲ್ಲಿ ಅಳೆಯೋದು ಬೇಡವೇ ಬೇಡ. ಇನ್ಫಿನಿಟಿಯಲ್ಲಿ ಲೆನ್ಸಿಗೂ ಫಿಲ್ಮಿಗೂ ಇರಬೇಕಾದ ದೂರ ಲೆನ್ಸಿನ ಮೇಲೆ 135 ಅಂತ ಬರೆದಿದ್ದರೂ, ಆ ಅಳತೆ ಗಾಜಿನೊಳಗಿನ ಯಾವ ಬಿಂದುವಿನಿಂದ ಶುರು ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ.

ಎರಡನೆಯದು ಎಲ್ಲರೂ ಮಾಡುವುದು. ಕ್ಯಾಮೆರಾದ ಹಿಂದೆ ಚಿತ್ರ ನೋಡಲು ಇರುವ, ಒಂದು ಬದಿ ಒರಟಾದ ಗಾಜಿನ (ಗ್ರೌಂಡ್ ಗ್ಲಾಸ್) ಮೇಲೆ ದೂರದ ವಸ್ತುವನ್ನು ನೋಡಿ ಫೋಕಸ್ ಮಾಡಿ, ಅಲ್ಲೇ ಸ್ಟಾಪ್ ಬಿಗಿ ಮಾಡೋದು. ನಮ್ಮ ಮಾಳಿಗೆಯಿಂದ ಬಳ್ಳಾರಿ ಗುಡ್ಡ ಎದುರಿಗೇ ಕಾಣುತ್ತದೆ, ಎರಡು ಕಿಲೋಮೀಟರ್ ದೂರ. ಅಷ್ಟು ದೂರ ಇದ್ದರೆ ಸಾಕು. ನೂರು ಮೀಟರ್ ಆಚೆಯ ಮರಕ್ಕೆ ಈ ಲೆನ್ಸು ಇನ್ಫಿನಿಟಿಗಿಂತ 0.18 ಮಿ.ಮೀ. ಮುಂದೆ ಬರಬೇಕು. ಗುಡ್ಡಕ್ಕೆ 0.01 ಕೂಡ ಬೇಕಿಲ್ಲ. ಕೋಟೆ ಗೋಡೆಯ ಅಂಚಿಗೆ ಫೋಕಸ್ ಮಾಡಿದೆ. ಹಳೆಯ 50 ಮಿ.ಮೀ. ಲೆನ್ಸನ್ನು ತಿರುಗಿಸಿ ಹಿಡಿದರೆ ಗಾಜಿನ ಮೇಲಿನ ಚಿತ್ರ ನೋಡಲು ಒಳ್ಳೆ ಲೂಪ್ (ಭೂತಗನ್ನಡಿ) ಆಗುತ್ತದೆ, ಬೇರೆ ಕೊಳ್ಳಬೇಕಿಲ್ಲ. ಬೇಸಿಗೆಯಲ್ಲಿ ಒಂಬತ್ತು ಗಂಟೆ ಆದರೆ ಮುಗಿಯಿತು, ಝಳಕ್ಕೆ ಗೋಡೆ ಕುದಿಯುವ ನೀರಿನ ಹಾಗೆ ಅಲುಗಾಡುತ್ತದೆ. ಅದಕ್ಕೇ ಬೆಳಗ್ಗೆ ಆರಕ್ಕೇ ಹತ್ತಿದೆ.

ಗಾಜಿನ ಮೇಲೆ ಗೋಡೆ ಚೊಕ್ಕವಾಗಿ ಕಂಡಿತು. ನೆಗೆಟಿವ್ ಮಾತ್ರ ಮಬ್ಬು. ಲೆನ್ಸಿನ ಕಿಂಡಿ ಪೂರ್ತಿ ತೆರೆದು 4.7ರಲ್ಲಿ ತೆಗೆದರೆ ಗುಡ್ಡವೂ ಮಬ್ಬು, ಮುಂದಿನ ಮನೆಗಳು ಇನ್ನೂ ಮಬ್ಬು. ಕಿಂಡಿ ಕಿರಿದು ಮಾಡಿ 22ಕ್ಕೆ ಇಳಿಸಿದರೆ ಪರವಾಗಿಲ್ಲ. ನನ್ನ ಕೈ ನಡುಗಿತೇನೋ ಅಂದುಕೊಂಡೆ, ಟ್ರೈಪಾಡ್ ಬದಲಾಯಿಸಿದೆ. ಲೆನ್ಸೇ ಕೆಟ್ಟಿದೆ ಅಂದುಕೊಂಡೆ. ಆರು ವಾರ ಹೀಗೇ ಹೋಯಿತು. ಪ್ರತಿ ಸಲ ಹೋಲ್ಡರಿಗೆ (ಫಿಲ್ಮ್ ಹಾಳೆ ಇಡುವ ಚಪ್ಪಟೆ ಪೆಟ್ಟಿಗೆಗೆ) ಫಿಲ್ಮ್ ತುಂಬೋದು, ಮಾಳಿಗೆ ಹತ್ತೋದು, ರಾತ್ರಿ ತೊಳೆಯೋದು, ಮತ್ತೆ ಮಬ್ಬು.

ಕೊನೆಗೆ ಕಂಡುಹಿಡಿದದ್ದು ಅಕ್ಕನ ಮಗಳು. ಗಾಜು ಒರೆಸಿಕೊಡು ಅಂತ ಅವಳ ಕೈಗೆ ಕೊಟ್ಟಿದ್ದೆ. ಎರಡೂ ಬದಿಗೆ ಉಗುರು ಎಳೆದು, 'ಮಾಮ, ಇದು ಹೊರಗೆ ಒರಟು, ಒಳಗೆ ನುಣುಪು ಇದೆಯಲ್ಲ, ಹೀಗೇ ಇರಬೇಕಾ?' ಅಂದಳು. ಹಾಗಿರಬಾರದು. ಒರಟು ಬದಿ ಲೆನ್ಸಿನ ಕಡೆಗಿರಬೇಕು, ಚಿತ್ರ ಮೂಡುವುದು ಅದರ ಮೇಲೆ, ಫಿಲ್ಮ್ ಕೂರುವುದೂ ಅದೇ ದೂರದಲ್ಲಿ. ಹಿಂದೆ ಯಾರೋ ಗಾಜು ಬಿಚ್ಚಿ ತಿರುಗುಮುರುಗಾಗಿ ಹಾಕಿದ್ದರು. ಗಾಜಿನ ದಪ್ಪ 2 ಮಿ.ಮೀ. ಬೆಳಕು ಗಾಜಿನಲ್ಲಿ ಬಾಗುವುದನ್ನು ಲೆಕ್ಕ ಹಾಕಿದರೆ ತಪ್ಪು ಸುಮಾರು 1.3 ಮಿ.ಮೀ. ಚಿತ್ರ ಫಿಲ್ಮಿನ ಮೇಲೆ ಬೀಳದೆ ಅಷ್ಟು ಹಿಂದೆ ಬೀಳುತ್ತಿತ್ತು. 4.7ರಲ್ಲಿ ಒಂದು ಚುಕ್ಕೆ 0.28 ಮಿ.ಮೀ. ಅಗಲಕ್ಕೆ ಹರಡುತ್ತದೆ, 22ರಲ್ಲಿ 0.06 ಮಾತ್ರ. ಅದಕ್ಕೇ 22 ನನಗೆ ಅಷ್ಟು ದಿನ ಸುಳ್ಳು ಹೇಳಿತು. ಗಾಜಿನ ಮುಂದೆ ಯಾರಾದರೂ ಆಮೇಲೆ ಫ್ರೆನೆಲ್ ಹಾಳೆ (ಚಿತ್ರ ಬೆಳಗಾಗಿ ಕಾಣಲು ಹಾಕುವ ಗೆರೆಗೆರೆಯ ಪ್ಲಾಸ್ಟಿಕ್) ಸೇರಿಸಿದ್ದರೂ ಇದೇ ಥರ ಆಗುತ್ತದೆ.

ಮೂರನೆಯದು ಮೇಜಿನ ಮೇಲಿನ ಪದ್ಧತಿ, ಕೊಲಿಮೇಷನ್. ಹೆಸರು ದೊಡ್ಡದು, ಕೆಲಸ ಸುಲಭ. ಮದುವೆ ಫೋಟೋಗೆ ಇಟ್ಟುಕೊಂಡ ಡಿಜಿಟಲ್ ಕ್ಯಾಮೆರಾಕ್ಕೆ 200 ಮಿ.ಮೀ. ಲೆನ್ಸ್ ಹಾಕಿ, ಬೆಳಗಿನ ತಂಪಿನಲ್ಲಿ ಗುಡ್ಡಕ್ಕೆ ಫೋಕಸ್ ಮಾಡಿ, ಉಂಗುರಕ್ಕೆ ಟೇಪ್ ಅಂಟಿಸಿದೆ. ಗುಡ್ಡವನ್ನೇ ಮನೆಯೊಳಗೆ ತಂದ ಹಾಗೆ. ಅಂಚು ಒಡೆದ ಒಂದು ಹೋಲ್ಡರಿನ ನಡುವಿನ ತಗಡನ್ನು ಕಿಟಕಿಯ ಹಾಗೆ ಕತ್ತರಿಸಿದೆ. ಹಾಳಾದ ಒಂದು ನೆಗೆಟಿವ್‌ನ ಮಸಾಲೆ ಬದಿಗೆ (ಚಿತ್ರ ಮೂಡುವ ಲೇಪದ ಬದಿಗೆ) ಸೂಜಿಯಿಂದ ಗುಣಿಸು ಗುರುತು ಗೀರಿ, ಆ ಬದಿ ಲೆನ್ಸಿನ ಕಡೆ ಇರುವ ಹಾಗೆ ಹೋಲ್ಡರಿಗೆ ಸೇರಿಸಿದೆ. ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಡಿಜಿಟಲ್ ಕ್ಯಾಮೆರಾವನ್ನು ಲೆನ್ಸಿಗೆ ಲೆನ್ಸು ಮುಖ ಮಾಡಿ ಇಟ್ಟೆ. ಆಪ್ಟಾರ್ ಇನ್ಫಿನಿಟಿಯಲ್ಲಿದ್ದರೆ ಆ ಗೀರಿನ ಬೆಳಕು ಸಮಾನಾಂತರವಾಗಿ ಹೊರಬರುತ್ತದೆ, ಇನ್ಫಿನಿಟಿಗೆ ಕೂತ ಇನ್ನೊಂದು ಕ್ಯಾಮೆರಾಕ್ಕೆ ಅದು ಚೊಕ್ಕವಾಗಿ ಕಾಣುತ್ತದೆ. ಪರದೆಯಲ್ಲಿ ದೊಡ್ಡದು ಮಾಡಿ ನೋಡುತ್ತಾ ಲೆನ್ಸನ್ನು ಕೂದಲೆಳೆಯಷ್ಟು ಸರಿಸಿದೆ. ಸೂಜಿ ಗೀರಿನ ಪಕ್ಕದ ಸಣ್ಣ ಸಣ್ಣ ಸಿಬಿರುಗಳೂ ಕಂಡವು.

ಇದರಲ್ಲಿ ಗ್ರೌಂಡ್ ಗ್ಲಾಸನ್ನು ನಂಬಲೇಬೇಕಿಲ್ಲ. ಫಿಲ್ಮ್ ಕೂರುವ ಜಾಗದಿಂದಲೇ ಅಳತೆ. ಇದು ಮುಗಿದ ಮೇಲೆ ಗುಡ್ಡಕ್ಕೆ ಹಿಡಿದು ನೋಡಿದರೆ ಗಾಜು ಸರಿಯಿದೆಯೋ ಇಲ್ಲವೋ ಅಂತಲೂ ತಿಳಿಯುತ್ತದೆ. ನಾನು ಸ್ಟುಡಿಯೋ ಮುಚ್ಚುವುದು ರಾತ್ರಿ ಒಂಬತ್ತಕ್ಕೆ. ಗುಡ್ಡ ಆಗ ಕಾಣುವುದಿಲ್ಲ, ಮೇಜು ಇರುತ್ತದೆ. ಖರ್ಚು ಒಂದು ಒಡೆದ ಹೋಲ್ಡರ್ ಅಷ್ಟೇ. ಡಿಜಿಟಲ್ ಕ್ಯಾಮೆರಾ, ಉದ್ದ ಲೆನ್ಸ್ ಮನೆಯಲ್ಲಿ ಇಲ್ಲದವರು ಇದಕ್ಕೋಸ್ಕರ ಕೊಳ್ಳಬೇಡಿ, ಗುಡ್ಡವೇ ಸಾಕು. ಆದರೆ ಮೊದಲು ಗಾಜಿಗೆ ಉಗುರು ಎಳೆದು ನೋಡಿ.

ಶುರು ಮಾಡುವ ಮುಂಚೆ ಹಳಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿರಬೇಕು. ಎರಡು ಸ್ಟಾಪ್‌ಗಳೂ ಸಮ ಇರಬೇಕು, ಇಲ್ಲದಿದ್ದರೆ ಲೆನ್ಸ್ ಓರೆಯಾಗಿ ನಿಂತು ಚಿತ್ರದ ಒಂದು ಪಕ್ಕ ಮಬ್ಬಾಗುತ್ತದೆ. ಸ್ಕ್ರೂ ಬಿಗಿ ಮಾಡುವಾಗಲೇ ಸ್ಟಾಪ್ ಚೂರು ಸರಿಯುತ್ತದೆ. ಬಿಗಿ ಮಾಡಿ, ಲೆನ್ಸನ್ನು ಒಳಕ್ಕೆ ತಳ್ಳಿ, ಮತ್ತೆ ಎಳೆದು ಗೀರನ್ನು ಇನ್ನೊಮ್ಮೆ ನೋಡಿ. ನನಗೆ ನಾಲ್ಕನೇ ಸಲಕ್ಕೆ ಸರಿ ಕೂತಿತು.