ಪೇಂಟ್ ನೋಡಿ ಹಳೆ ಗಾಡಿಯನ್ನು ಘಟ್ಟಕ್ಕೆ ಇಳಿಸಬೇಡಿ: ಅರಬೈಲ್‌ನಲ್ಲಿ ನಮಗಾದದ್ದು

ಅಪ್ಪನ ಕಾಲದ ಪದ್ಮಿನಿಯೋ ಅಂಬಾಸಿಡರೋ ಮನೆಯಲ್ಲಿದ್ದು, ಈ ರಜೆಗೆ ಅದರಲ್ಲೇ ಗೋಕರ್ಣ, ಕಾರವಾರ, ಗೋವಾ ಕಡೆ ಹೋಗೋಣ ಅಂತ ಯಾರಾದರೂ ಯೋಚನೆ ಮಾಡುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಹೋಗಲೇಬೇಡಿ ಅನ್ನುತ್ತಿಲ್ಲ. ಗ್ಯಾರೇಜಿನವರ ಬಾಯಿಮಾತು ನಂಬಿ ಹೋಗಬೇಡಿ. ನಾನು ಹಾಗೇ ಹೋದೆ. ಅವ್ವನ ಕೈ ಮುರಿಯಿತು. ಅಷ್ಟಕ್ಕೇ ಮುಗಿದದ್ದು ನಮ್ಮ ಪುಣ್ಯ.

ಗಾಡಿ 1986ರ ಪ್ರೀಮಿಯರ್ ಪದ್ಮಿನಿ. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ನಾವು ಚಿಕ್ಕವರಿದ್ದಾಗ ಸವದತ್ತಿ ಎಲ್ಲಮ್ಮನ ಗುಡ್ಡ, ಬಾದಾಮಿ ಬನಶಂಕರಿ ಜಾತ್ರೆ, ಗದಗಿನ ಅತ್ತೆ ಮನೆ, ಎಲ್ಲಾ ಕಡೆ ಅದರಲ್ಲೇ ತಿರುಗಿದ್ದೇವೆ. ಅಪ್ಪ ತೀರಿಕೊಂಡ ಮೇಲೆ ಧಾರವಾಡದ ಮನೆಯ ಹಿತ್ತಲಲ್ಲಿ ತಾಡಪತ್ರಿ ಹೊದ್ದುಕೊಂಡು ಒಂಬತ್ತು ವರ್ಷ ನಿಂತಿತ್ತು. ಮಾರಲು ಮನಸ್ಸು ಬರಲಿಲ್ಲ. ಹೋದ ವರ್ಷ ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಕೊಟ್ಟೆ. ಹೆಸರು ಬರೆಯಲ್ಲ. ಹಳೆ ಗಾಡಿ ಹೊಸದು ಮಾಡಿ ಕೊಡುತ್ತೇವೆ ಅನ್ನುವವರು ಈಗ ಬಹಳ ಕಡೆ ಇದ್ದಾರೆ, ಅವರಲ್ಲಿ ಒಬ್ಬರು.

ನಾಲ್ಕು ತಿಂಗಳು ತಗೊಂಡರು. 1 ಲಕ್ಷ 85 ಸಾವಿರ ಆಯಿತು. ಗಾಡಿ ಹೊರಗೆ ಬಂದಾಗ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಅದೇ ಕೆನೆ ಬಣ್ಣ, ಹೊಸ ಕುಶನ್, ಹೊಳೆಯುವ ಬಂಪರ್. ಅವ್ವ ಬಾಗಿಲು ಸವರಿ ಸುಮ್ಮನೆ ನಿಂತುಬಿಟ್ಟಳು. ಬ್ರೇಕ್ ಹೇಗಿದೆ ಅಂತ ನಾನು ಕೇಳಿದ್ದೆ. "ಎಲ್ಲಾ ಮಾಡೇವ್ರೀ ಸರ್, ಬಿಂದಾಸ್ ಗೋವಾಕ್ಕ ಹೋಗಿ ಬರ್ರಿ" ಅಂದರು. ಬಿಲ್ಲಿನಲ್ಲಿ "ಬ್ರೇಕ್ ಕೆಲಸ, 3,500" ಅಂತ ಒಂದೇ ಸಾಲು. ಯಾವ ಸಾಮಾನು ಹಾಕಿದರು, ಯಾವುದು ತೆಗೆದರು, ಏನೂ ಇಲ್ಲ. ನಾನೂ ಕೇಳಲಿಲ್ಲ. ನನ್ನ ಮೊದಲ ತಪ್ಪು ಅದು.

ಎರಡನೆಯದು, ಊರೊಳಗೆ ಓಡಿಸಿ ಸಮಾಧಾನ ಪಟ್ಟುಕೊಂಡದ್ದು. ಧಾರವಾಡದಿಂದ ಹುಬ್ಬಳ್ಳಿಗೆ ಐದಾರು ಸಲ ಹೋಗಿ ಬಂದೆ. ಸುಮಾರು 20 ಕಿ.ಮೀ., ಅಗಲ ರಸ್ತೆ, ಸಿಗ್ನಲ್ಲಿಗೆ ನಿಲ್ಲಿಸಿದರೆ ನಿಲ್ಲುತ್ತದೆ. ಬ್ರೇಕ್ ಚೆನ್ನಾಗಿದೆ ಅಂದುಕೊಂಡೆ. ಸಿಗ್ನಲ್ಲಿನಲ್ಲಿ ನಿಲ್ಲುವ ಗಾಡಿ ಘಟ್ಟದಲ್ಲೂ ನಿಲ್ಲುತ್ತದೆ ಅಂತೇನೂ ಇಲ್ಲ. ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಏಪ್ರಿಲ್‌ನಲ್ಲಿ ಮಗಳಿಗೆ ರಜೆ ಬಿಟ್ಟ ಮೇಲೆ ಗೋಕರ್ಣಕ್ಕೆ ಹೊರಟೆವು. ನಾನು, ಹೆಂಡತಿ, ಆರನೇ ಕ್ಲಾಸಿನ ಮಗಳು, 71 ವರ್ಷದ ಅವ್ವ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಆಮೇಲೆ ಅರಬೈಲ್ ಘಟ್ಟ ಇಳಿದು ಅಂಕೋಲಾ. ಬೆಳಿಗ್ಗೆ ಐದಕ್ಕೆ ಬಿಡಬೇಕಿತ್ತು. ಪೂಜೆ, ನಿಂಬೆಹಣ್ಣು, ಓಣಿಯವರ ಜೊತೆ ಫೋಟೊ, ಎಲ್ಲಾ ಆಗಿ ಹೊರಟಾಗ ಒಂಬತ್ತೂವರೆ. ಬುತ್ತಿ ಕಟ್ಟಿಕೊಂಡಿದ್ದೆವು, ಚಪಾತಿ, ಶೇಂಗಾ ಚಟ್ನಿ, ಮೊಸರನ್ನ. ಡಿಕ್ಕಿ ತುಂಬಾ ಸಾಮಾನು. ಅಂದರೆ ಗಾಡಿಯ ಮೇಲೆ ಊರಲ್ಲಿ ಓಡಿಸಿದಾಗ ಇಲ್ಲದ ಭಾರ. ಇದೂ ಲೆಕ್ಕಕ್ಕೆ ಬರುತ್ತದೆ.

ಕಿರವತ್ತಿ ಹತ್ತಿರ ಲಾರಿಗಳ ಹಿಂದೆ ಮೆಲ್ಲಗೆ ಹೋಗುವಾಗ ಇಂಜಿನ್ ಜಗ್ಗಿ ಜಗ್ಗಿ ನಿಂತುಬಿಟ್ಟಿತು. ಸೆಲ್ಫ್ ಹೊಡೆಯುತ್ತದೆ, ಚಾಲೂ ಆಗಲ್ಲ. ಗ್ಯಾರೇಜಿಗೆ ಫೋನ್ ಮಾಡಿದರೆ "ಅದು ಕಾಮನ್ ಐತ್ರೀ, ಪಂಪಿಗೆ ಹಸಿ ಅರಬಿ ಸುತ್ತರಿ" ಅಂದರು. ಒದ್ದೆ ಬಟ್ಟೆ ಸುತ್ತಿದೆವು, ಅರ್ಧ ಗಂಟೆ ಮರದ ನೆರಳಲ್ಲಿ ಕೂತೆವು, ಚಾಲೂ ಆಯಿತು. ಈ ಮಾತು ಸುಳ್ಳಲ್ಲ. ಪದ್ಮಿನಿಯ ಪೆಟ್ರೋಲ್ ಪಂಪ್ ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಇಂಜಿನ್ ಜಾಸ್ತಿ ಕಾದರೆ ಪೈಪಿನೊಳಗೇ ಪೆಟ್ರೋಲ್ ಆವಿ ಆಗುತ್ತದೆ. ಪಂಪು ಎಳೆಯಬೇಕಾದದ್ದು ಪೆಟ್ರೋಲ್, ಅಲ್ಲಿರೋದು ಬರೀ ಆವಿ. ಏರ್ ಲಾಕ್ ಅಂತ ಮಿಸ್ತ್ರಿಗಳು ಹೇಳುವುದು ಇದನ್ನೇ. ಅಪ್ಪನ ಕಾಲದಲ್ಲೂ ಆಗುತ್ತಿತ್ತು. ಆದರೆ ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಅನ್ನೋ ಮದ್ಯಸಾರ ಇರುತ್ತದೆ. ಈ ಗಾಡಿಗಳನ್ನು ಮಾಡಿದಾಗ ಅಂಥ ಪೆಟ್ರೋಲ್ ಇರಲಿಲ್ಲ. ಎಥನಾಲ್ ಹಳೆ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ, ವರ್ಷಗಟ್ಟಲೆ ಟ್ಯಾಂಕಿನ ತಳಕ್ಕೆ ಅಂಟಿಕೊಂಡ ಕೊಳೆಯನ್ನು ಎಬ್ಬಿಸಿ ಫಿಲ್ಟರಿಗೂ ಕಾರ್ಬುರೇಟರಿನ ಜೆಟ್ಟಿಗೂ (ಇಂಜಿನ್ನಿಗೆ ಪೆಟ್ರೋಲ್ ಬಿಡುವ ಸಣ್ಣ ತೂತು) ತಂದು ಹಾಕುತ್ತದೆ. ನಮ್ಮ ಗಾಡಿಗೆ ಎಲ್ಲಾ ಹೊಸದು ಅಂದಿದ್ದರಲ್ಲ, ಪೆಟ್ರೋಲ್ ಪೈಪು ಅಪ್ಪ ಹಾಕಿಸಿದ್ದೇ ಇತ್ತು. ಮುಟ್ಟಿದರೆ ಮೆತ್ತಗೆ, ಅಂಟು ಅಂಟು. ಕೈಗೆ ಪೆಟ್ರೋಲ್ ವಾಸನೆ. ಬಿಸಿ ಇಂಜಿನ್ ಪಕ್ಕ ಅದು ಸೋರಿದ್ದರೆ ಬೆಂಕಿಯೇ.

ಅಲ್ಲಿಂದಲೇ ವಾಪಸ್ ಬರಬೇಕಿತ್ತು. ಪೈಪೇ ಹಳೆಯದಾದರೆ ಉಳಿದ ರಬ್ಬರ್ ಹೇಗಿರಬಹುದು ಅಂತ ತಲೆಗೆ ಹೊಳೆಯಬೇಕಿತ್ತು. ಅವ್ವ ಕೇಳಿಯೂ ಕೇಳಿದಳು, "ಮನಿಗೆ ಹೋಗೂಣೇನಪಾ, ಬಸ್ಸಿಗೆ ಹೋದರಾತು." ಮಗಳ ಮುಖ ನೋಡಿ ನಾನು ಮುಂದೆ ಹೋದೆ.

ಯಲ್ಲಾಪುರದಲ್ಲಿ ಊಟ ಮಾಡಿ ಘಟ್ಟಕ್ಕೆ ಇಳಿದಾಗ ಎರಡು ಗಂಟೆ. ಈ ರಸ್ತೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಹುಬ್ಬಳ್ಳಿ ಕಡೆಯಿಂದ ಕರಾವಳಿಗೆ ಹೋಗುವ ಭಾರಿ ಲಾರಿ, ಟ್ಯಾಂಕರ್ ಎಲ್ಲಾ ಇದರಲ್ಲೇ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು-ತರಕಾರಿ ವ್ಯಾಪಾರಿಗಳ ಲಾರಿ ಬಿದ್ದು ಅಷ್ಟೊಂದು ಜನ ಸತ್ತದ್ದು ಯಲ್ಲಾಪುರದ ಈ ಹೆದ್ದಾರಿಯಲ್ಲೇ. ನಮ್ಮ ಹಾವೇರಿ ಜಿಲ್ಲೆಯ ಬಡ ಜನ. ಆ ಸುದ್ದಿ ಓದಿ ಇಡೀ ದಿನ ಊಟ ಸೇರಿರಲಿಲ್ಲ ನನಗೆ. ಆದರೂ ನಾನು ಮೂರನೇ ಗೇರಿನಲ್ಲಿ, ಬ್ರೇಕ್ ತುಳಿಯುತ್ತಾ ತುಳಿಯುತ್ತಾ ಇಳಿಸುತ್ತಿದ್ದೆ. ಹೊಸ ಕಾರಿನ ಅಭ್ಯಾಸ. ಹೊಸ ಕಾರಿನಲ್ಲಿ ಮುಂದೆ ಗಾಳಿಗೆ ಬೇಗ ಆರುವ ಡಿಸ್ಕ್ ಬ್ರೇಕ್ ಇರುತ್ತದೆ, ಪೆಡಲ್ ತುಳಿಯುವ ಬಲ ಹೆಚ್ಚಿಸುವ ಬೂಸ್ಟರ್ ಇರುತ್ತದೆ, ಬ್ರೇಕ್ ಎಣ್ಣೆಗೆ ಎರಡು ಲೈನ್ ಇರುತ್ತದೆ. ನಮ್ಮ ಪದ್ಮಿನಿಯಲ್ಲಿ ನಾಲ್ಕೂ ಚಕ್ರಕ್ಕೆ ಬಿಸಿ ಒಳಗೇ ಉಳಿಯುವ ಡ್ರಮ್ಮು, ಬೂಸ್ಟರ್ ಇಲ್ಲ, ಎಣ್ಣೆಯ ಲೈನ್ ಒಂದೇ. ಅದು ಕೈಕೊಟ್ಟರೆ ನಾಲ್ಕೂ ಚಕ್ರ ಹೋದಂತೆ.

ಮೊದಲು ಸುಟ್ಟ ವಾಸನೆ ಬಂತು. ಮುಂದಿನ ಲಾರಿಯದು ಅಂದುಕೊಂಡೆ. ಎರಡು ತಿರುವು ದಾಟಿದ ಮೇಲೆ ಪೆಡಲ್ ಸ್ವಲ್ಪ ಕೆಳಗೆ ಹೋಯಿತು. ಮುಂದಿನ ತಿರುವಿನಲ್ಲಿ ಇನ್ನೂ ಕೆಳಗೆ. ಆಮೇಲೆ ಒಂದು ಸಲ ತುಳಿದರೆ ನೆಲಕ್ಕೇ ಹೋಯಿತು, ಸ್ಪಂಜು ತುಳಿದ ಹಾಗೆ, ಕಾಲ ಕೆಳಗೆ ಏನೂ ಇಲ್ಲ, ಮುಂದೆ ಟ್ಯಾಂಕರ್, ಎದುರಿಂದ ಬಸ್ಸು ಹತ್ತಿ ಬರುತ್ತಿದೆ, ಹಿಂದೆ ಮಗಳು ಹಾಡು ಹೇಳುತ್ತಿದ್ದಾಳೆ, ನನಗೆ ಬಾಯಿಂದ ಶಬ್ದವೇ ಹೊರಡಲಿಲ್ಲ. ಎರಡನೇ ಗೇರಿಗೆ ಎಳೆದೆ, ಇಂಜಿನ್ ಕಿರುಚಿತು. ಒಂದನೇ ಗೇರ್ ಬೀಳಲೇ ಇಲ್ಲ. ಹ್ಯಾಂಡ್ ಬ್ರೇಕ್ ಎಳೆದರೆ ವೇಗ ಕಡಿಮೆ ಆಯಿತೇ ಹೊರತು ನಿಲ್ಲಲಿಲ್ಲ. ಎಡಕ್ಕೆ ಗುಡ್ಡ ಇತ್ತು. ಎಡಕ್ಕೆ ಗುಡ್ಡ ಇದ್ದದ್ದರಿಂದ ನಾನು ಇವತ್ತು ಇದನ್ನು ಬರೆಯುತ್ತಿದ್ದೇನೆ. ಎಡಗಡೆ ಚಕ್ರಗಳನ್ನು ಗಟಾರಕ್ಕೆ ಇಳಿಸಿ ಗುಡ್ಡದ ಮಣ್ಣಿಗೆ ಉಜ್ಜಿಕೊಂಡು ಹೋಗಿ ನಿಂತೆವು.

ಮಗಳಿಗೆ ತುಟಿ ಒಡೆಯಿತು. ಅವ್ವ ಮುಂದಿನ ಸೀಟಿಗೆ ಬಡಿದು ಮುಂಗೈ ಮುರಿಯಿತು. ಹಿಂದಿನ ಸೀಟಿಗೆ ಬೆಲ್ಟ್ ಇರಲಿಲ್ಲ. 1 ಲಕ್ಷ 85 ಸಾವಿರ ಕೊಟ್ಟು ಕುಶನ್, ಕ್ರೋಮ್ ಎಲ್ಲಾ ಮಾಡಿಸಿದ ನನಗೆ ನಾಲ್ಕು ಬೆಲ್ಟ್ ಹಾಕಿಸಬೇಕು ಅಂತ ಅನಿಸಲಿಲ್ಲ. ಇದನ್ನು ನೆನೆದರೆ ಈಗಲೂ ರಾತ್ರಿ ನಿದ್ದೆ ಬರಲ್ಲ.

ಹಿಂದೆ ಬರುತ್ತಿದ್ದ ಒಬ್ಬ ಲಾರಿ ಡ್ರೈವರ್ ಅಣ್ಣ ಗಾಡಿ ನಿಲ್ಲಿಸಿ ಓಡಿ ಬಂದರು. ರಾಣೆಬೆನ್ನೂರಿನವರು. ಚಕ್ರಕ್ಕೆ ಕಲ್ಲು ಕೊಟ್ಟರು, ಅವ್ವನನ್ನು ಎತ್ತಿ ಕೂರಿಸಿದರು, ನೀರು ಕುಡಿಸಿದರು. ಆಮೇಲೆ ಬ್ರೇಕ್ ಡ್ರಮ್ಮಿನ ಹತ್ತಿರ ಕೈ ಒಡ್ಡಿ ಹಿಂದಕ್ಕೆ ಎಳೆದುಕೊಂಡರು. "ಸಾಹೇಬ್ರ, ಘಟ್ಟ ಗೇರಿನ್ಯಾಗ ಇಳಸಬೇಕ್ರೀ, ಬ್ರೇಕಿನ್ಯಾಗ ಅಲ್ಲ. ಯಾವ ಗೇರಿನ್ಯಾಗ ಹತ್ತತೈತಿ, ಅದರಾಗ ಇಳಸಬೇಕು." ಬೈದು ಹೇಳಲಿಲ್ಲ, ತಮ್ಮನಿಗೆ ಹೇಳಿದ ಹಾಗೆ ಹೇಳಿದರು. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಪೆಡಲ್ ಅರ್ಧಕ್ಕೆ ವಾಪಸ್ ಬಂದಿತ್ತು. ಅದು ನೋಡಿ ಸರಿಯಾಯಿತು ಅಂತ ಮತ್ತೆ ಹೊರಡುವವರೂ ಇದ್ದಾರಂತೆ. ದಯವಿಟ್ಟು ಹಾಗೆ ಮಾಡಬೇಡಿ. ಅವ್ವನನ್ನು ಯಲ್ಲಾಪುರಕ್ಕೆ ಕರೆದುಕೊಂಡು ಹೋಗಿ ಕೈ ಕಟ್ಟಿಸಿ, ಗಾಡಿಯನ್ನು ಬೇರೆ ವಾಹನದ ಮೇಲೆ ಹೇರಿಸಿ ಊರಿಗೆ ತಂದೆವು.

ಗದಗಿನಲ್ಲಿ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಜೀವನಪೂರ್ತಿ ಫಿಯಟ್ ಬಿಚ್ಚಿದವರು. ಅವರು ನನ್ನನ್ನು ಪಕ್ಕಕ್ಕೇ ನಿಲ್ಲಿಸಿಕೊಂಡು ಒಂದೊಂದೇ ಚಕ್ರ ಬಿಚ್ಚಿದರು. ಬ್ರೇಕ್ ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ, ಗಾಡಿ ಓಡದೆ ನಿಂತಿದ್ದರೂ ಹೀರಿಕೊಳ್ಳುತ್ತದೆ. ಡಾಟ್-3 ಅನ್ನೋ ದರ್ಜೆಯ ಹೊಸ ಬ್ರೇಕ್ ಎಣ್ಣೆ 205 ಡಿಗ್ರಿವರೆಗೂ ಕುದಿಯಬಾರದು. ನೀರು ಹೀರಿದ ಮೇಲೆ 140ರ ಆಸುಪಾಸಿನಲ್ಲೇ ಕುದಿಯಬಹುದು. ಕುದಿದರೆ ಲೈನಿನಲ್ಲಿ ಗುಳ್ಳೆ. ಎಣ್ಣೆ ಒತ್ತಿದರೆ ಚಕ್ರಕ್ಕೆ ಬಲ ಹೋಗುತ್ತದೆ, ಗುಳ್ಳೆ ಒತ್ತಿದರೆ ಗುಳ್ಳೆ ಕುಗ್ಗುತ್ತದೆ ಅಷ್ಟೇ. ನನ್ನ ಕಾಲ ಕೆಳಗೆ ಇದ್ದದ್ದು ಆ ಗುಳ್ಳೆ. ತಣ್ಣಗಾದ ಮೇಲೆ ಪೆಡಲ್ ಎದ್ದು ಬಂದದ್ದೂ ಅದಕ್ಕೇ.

ಅಷ್ಟೇ ಅಲ್ಲ. ಹಿಂದಿನ ಎರಡೂ ಚಕ್ರದ ಸಿಲಿಂಡರಿನಲ್ಲಿ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಕಪ್ (cup) ಕಲ್ಲಿನ ಹಾಗೆ ಗಟ್ಟಿ, ಒಂದರಲ್ಲಿ ಎಣ್ಣೆ ಸೋರಿ ಲೈನಿಂಗ್ ಒದ್ದೆ. ಮುಂದಿನ ಬ್ರೇಕ್ ಹೋಸುಗಳ (ಎಣ್ಣೆ ಹೋಗುವ ರಬ್ಬರ್ ಪೈಪು) ಮೇಲೆ ಕಪ್ಪು ಪೇಂಟ್ ಹೊಡೆದಿದ್ದರು. ಮಿಸ್ತ್ರಿ ಅದನ್ನು ಬಗ್ಗಿಸಿ ತೋರಿಸಿದರು, ಪೇಂಟಿನ ಕೆಳಗೆ ಉದ್ದಕ್ಕೂ ಬಿರುಕು. ಇದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸಿತು. ಬದಲಾಯಿಸದೆ ಬಿಡುವುದು ಬೇರೆ. ಪೇಂಟ್ ಹೊಡೆದು ಮುಚ್ಚುವುದು ಬೇರೆ, ಅಲ್ವಾ? ಅದರ ಮೇಲೆ ನನ್ನ ಮಗಳು ಕೂತಿದ್ದಳು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಮ್ಮದರಲ್ಲಿ 2311. ಅಂದರೆ 2011ರ ಟೈರಿಗೆ ಪಾಲಿಶ್ ಹಚ್ಚಿ ಕೊಟ್ಟಿದ್ದರು.

ಗ್ಯಾರೇಜಿಗೆ ಹೋಗಿ ಕೇಳಿದೆ. "ನೀವು ಹೇಳಿದ್ದು ಬಾಡಿ ಮತ್ತ ಇಂಜಿನ್ ಕೆಲಸರೀ, ಬ್ರೇಕ್ ಅಡ್ಜಸ್ಟ್ ಮಾಡೇವಿ" ಅಂದರು. ಬಿಲ್ಲಿನಲ್ಲಿ ಸಾಮಾನಿನ ಪಟ್ಟಿ ಇಲ್ಲದ್ದರಿಂದ ನನ್ನ ಕೈಯಲ್ಲಿ ಏನೂ ಆಧಾರ ಇರಲಿಲ್ಲ. ಇನ್ಶೂರೆನ್ಸೂ ಬರೀ ಥರ್ಡ್ ಪಾರ್ಟಿಯದು, ನಮ್ಮ ಗಾಡಿಯ ನಷ್ಟಕ್ಕೆ ಒಂದು ರೂಪಾಯಿ ಬರಲಿಲ್ಲ.

ಹಾಗಾಗಿ ಬಿಲ್ಲು ಸಾಮಾನಿನ ಹೆಸರು ಸಮೇತ ಬರೆಸಿಕೊಳ್ಳಿ. ಬಿಚ್ಚಿದ ಹಳೆ ಸಾಮಾನನ್ನು ಚೀಲದಲ್ಲಿ ಕೊಡಿ ಅಂತ ಮೊದಲೇ ಹೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲೇ ಅರ್ಥ ಮಾಡಿಕೊಳ್ಳಿ. ನಿಂತಿದ್ದ ಗಾಡಿಯಾದರೆ ಕಣ್ಣಿಗೆ ಚೆನ್ನಾಗಿ ಕಂಡರೂ ರಬ್ಬರ್ ಅನ್ನೋದೆಲ್ಲಾ ಬದಲಾಗಲೇಬೇಕು: ಬ್ರೇಕ್ ಹೋಸು, ಬ್ರೇಕ್ ಕಪ್, ಪೆಟ್ರೋಲ್ ಪೈಪು, ರೇಡಿಯೇಟರ್ ಹೋಸು, ಫ್ಯಾನ್ ಬೆಲ್ಟು, ಟೈರು. ಪೆಟ್ರೋಲ್ ಪೈಪು ತರುವಾಗ ಎಥನಾಲ್ ತಡೆಯುವುದೇ ಬೇಕು ಅಂತ ಕೇಳಿ ತನ್ನಿ. ಇಂಜಿನ್ ಕುದಿದರೆ ರೇಡಿಯೇಟರ್ ಮುಚ್ಚಳ ತಕ್ಷಣ ತೆಗೆಯಬೇಡಿ, ಮುಖಕ್ಕೇ ಹಾರುತ್ತದೆ. ಫ್ಯಾನ್ ಬೆಲ್ಟು, ಇಂಜಿನ್ನಿಗೆ ಕಿಡಿ ಕೊಡುವ ಪಾಯಿಂಟ್ ಮತ್ತು ಕಂಡೆನ್ಸರ್, ಚಕ್ರಕ್ಕೆ ಕೊಡಲು ಕಟ್ಟಿಗೆ ತುಂಡು ಗಾಡಿಯಲ್ಲೇ ಇರಲಿ. ಪದ್ಮಿನಿ ತಯಾರಿಕೆ ನಿಂತು ಇಪ್ಪತ್ತು ವರ್ಷದ ಮೇಲಾಯಿತು, ದಾರಿಯಲ್ಲಿ ಅಂಗಡಿಯಲ್ಲಿ ಸಿಗುತ್ತದೆ ಅಂತ ನಂಬಿ ಹೋಗಬೇಡಿ.

ಆರ್‌ಟಿಒ ತಪಾಸಣೆ ಆಗಿ ಆರ್‌ಸಿ ರಿನ್ಯೂ ಆಗಿದೆಯಲ್ಲ ಅಂತ ಕೆಲವರು ಕೇಳಿದರು. ನಮ್ಮದೂ ಆಗಿತ್ತು. 15 ವರ್ಷ ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ಮಾಡಿಸಲೇಬೇಕು. ಆದರೆ ಅಲ್ಲಿ ಯಾರೂ ಡ್ರಮ್ ಬಿಚ್ಚಿ ನೋಡಲಿಲ್ಲ. ಇನ್ನು 50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಂತೆ ವಿಂಟೇಜ್ ಅಂತ ನೋಂದಾಯಿಸಿದ್ದರೆ, ಅದನ್ನು ರ‍್ಯಾಲಿ, ಪ್ರದರ್ಶನ, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಮನೆಮಂದಿಯ ಟ್ರಿಪ್ಪಿಗೆ ಅಲ್ಲ.

ಅವ್ವನ ಪ್ಲಾಸ್ಟರ್ ಬಿಚ್ಚಿದ್ದಾರೆ. ಬೆರಳು ಇನ್ನೂ ಪೂರ್ತಿ ಮಡಚಲ್ಲ, ರೊಟ್ಟಿ ಬಡಿಯಲು ಆಗುತ್ತಿಲ್ಲ. ಗಾಡಿ ಗದಗಿನಲ್ಲೇ ಇದೆ. ಹೋಸು, ಕಪ್, ಬೆಲ್ಟು ಬಂದಿವೆ, ಪೆಡಲ್ ತುಳಿದಾಗ ಎಣ್ಣೆ ಒತ್ತುವ ಮಾಸ್ಟರ್ ಸಿಲಿಂಡರ್ ಬರಬೇಕು. ಬಂದ ಮೇಲೆ ಮೊದಲು ಮುನ್ನೂರು ಕಿ.ಮೀ. ಊರ ಸುತ್ತಲೇ ಓಡಿಸುತ್ತೇನೆ. ಆಮೇಲೆ ಡಿಕ್ಕಿಯಲ್ಲಿ ಮರಳಿನ ಚೀಲ ಹೇರಿಕೊಂಡು ಉಣಕಲ್ಲಿನ ನೃಪತುಂಗ ಬೆಟ್ಟ ಹತ್ತಿ ಇಳಿಯುತ್ತೇನೆ, ಎರಡನೇ ಗೇರಿನಲ್ಲಿ, ನಾನೊಬ್ಬನೇ.